ಸಿಲ್ವೇನಸ್‌ನ ನಗಾರಿ

ಹೊಸ ವರ್ಷದ ದಿನ ಸೂರ್ಯ ಹುಟ್ಟುವ ಮುಂಚೆ ಚರ್ಚಿಗೆ ಹೋದ ನಾವು ಹತ್ತಕ್ಕೆ ಮರಳಿದಾಗ, ಮೇಳದ ಕೊಟ್ಟಿಗೆಯಲ್ಲಿಟ್ಟಿದ್ದ ನಗಾರಿಯ ಆಡಿನ ಚರ್ಮ ಅಡ್ಡಡ್ಡ ಸೀಳಿತ್ತು. ಮಾಂಟ್ಸೆರಾಟ್ ದ್ವೀಪದ ನಮ್ಮೂರಲ್ಲಿ ಆ ನಗಾರಿ ಮೊಳಗದೆ ಹೊಸ ವರ್ಷಕ್ಕೆ ಕುಣಿಯುವ ಮುಖವಾಡದವರು ಒಂದು ಹೆಜ್ಜೆಯೂ ಇಡುವುದಿಲ್ಲ. ಕುಣಿತದ ಅಂಗಿಗಳಿಗೆ ಇಪ್ಪತ್ತು ದಿನ ಕೂತು ರಿಬ್ಬನ್ ಹೊಲಿದ ನನಗೆ ಹೊಟ್ಟೆ ಉರಿದುಹೋಯಿತು.

"ಆ ಓರ್ವಿಲ್‌ದೇ ಕೆಲಸ!" ಎಂದು ಮುದುಕ ಸಿಲ್ವೇನಸ್ ಕೂಗಾಡಿದ. ನಲವತ್ತು ವರ್ಷ ಅದನ್ನು ಬಾರಿಸಿದವನು. ಮಂಡಿನೋವೆಂದು ಅವನೊಬ್ಬನೇ ಚರ್ಚಿಗೆ ಬಂದಿರಲಿಲ್ಲ. "ನಸುಕಲ್ಲಿ ಕೊಟ್ಟಿಗೆಯಿಂದ ಹೊರಗೆ ಬಂದ. ಒಳಗೆ ಹೋಗಿ ನೋಡಿದ್ರೆ ಹೀಗೆ! ಆಮೇಲೆ ನಾನದನ್ನ ಮುಟ್ಟೂ ಇಲ್ಲ, ಬಾಗಿಲು ಹಾಕಿ ಕಾವಲು ಕೂತಿದ್ದೆ."

ಓರ್ವಿಲ್ ಗುಡ್ಡದಾಚೆಯಿಂದ ಬಂದು ನೆಲೆಸಿದ ಮೀನುಗಾರ. "ಚರ್ಚಿಗೆ ಹೊರಡೋ ಮುಂಚೆ ನನ್ನ ಮುಖವಾಡ ತಗೊಳ್ಳೋಕೆ ಹೋಗಿದ್ದೆ ಕಣ್ರಪ್ಪಾ," ಎಂದ. ಯಾರು ಕೇಳುತ್ತಾರೆ? ಕಲ್ಲೊಂದು ಬಂದು ಅವನ ಹಣೆ ಒಡೆಯಿತು. "ಊರು ಬಿಟ್ಟು ಓಡಿಸಿ ಇವನನ್ನ!" ಎಂದು ಅರಚಿದವರಲ್ಲಿ, ಸುಳ್ಳೇಕೆ, ನಾನೂ ಇದ್ದೆ.

ಬಾಯಿಬಿಡದವಳು ಯೂಡೋರಾ ಒಬ್ಬಳೇ. ನನ್ನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಮ್ಮ. ಊರಿನ ಕಿತಾಪತಿಗಳನ್ನೆಲ್ಲ ಪತ್ತೆ ಹಚ್ಚುವವಳು. ಥಂಡಿ ಹಿಡಿದ ಕತ್ತಲ ಕೊಟ್ಟಿಗೆಯಲ್ಲಿ ಚರ್ಮದ ಮೇಲೆ ಅಂಗೈ ಇಟ್ಟಳು. ನನ್ನ ಕೈಯನ್ನೂ ಇಡಿಸಿದಳು. ಬೆಚ್ಚಗಿತ್ತು. ನನಗೇನೂ ಹೊಳೆಯಲಿಲ್ಲ.

ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಕೇಳಿದಳು: "ರಾತ್ರಿ ಇಬ್ಬನಿಗೆ ಚರ್ಮ ಸಡಿಲಾದ್ರೆ ಬಾರಿಸೋ ಮುಂಚೆ ಏನು ಮಾಡ್ತೀರಿ?"

"ಬಿಸಿಲಿಗೆ ಇಡ್ತೀವಿ," ಎಂದ ಮೇಳದ ನಾಯಕ. "ಎಳೆ ಮಕ್ಕಳಿಗೂ ಗೊತ್ತು."

"ಈ ಚರ್ಮ ಇನ್ನೂ ಬೆಚ್ಚಗಿದೆ. ಸೀಳಿದ ನಗಾರಿನ ಯಾವ ದಡ್ಡ ಬಿಸಿಲಿಗೆ ಇಡ್ತಾನೆ? ಮೊದಲು ಬಿಸಿಲಿಗಿಟ್ಟು, ಆಮೇಲೆ ಸೀಳಿದ್ದು. ಬಿಸಿಲೇರಿದಾಗ ಓರ್ವಿಲ್ ಸೇರಿ ಊರೆಲ್ಲ ಚರ್ಚಲ್ಲಿತ್ತು. ಇಲ್ಲಿದ್ದೋನು ಒಬ್ಬನೇ. ಸಿಲ್ವೇನಸ್, ನಿನ್ನೆ ನಾಯಕ ನಿಂಗೇನು ಹೇಳಿದ?"

ನಾಯಕ ತಲೆ ತಗ್ಗಿಸಿದ. ಸಿಲ್ವೇನಸ್‌ನ ಕೈ ಗಡಗಡ ನಡುಗುತ್ತಿತ್ತು.

"ನಿನ್ನ ಕೈ ನಡುಗತ್ತೆ, ಈ ಸಲ ಓರ್ವಿಲ್ ಬಾರಿಸ್ಲಿ ಅಂದ," ಎಂದು ಮುದುಕ ಹಲ್ಲು ಕಡಿದ. "ಕೊನೇ ಸಲ ಬಾರಿಸೋಣ ಅಂತ ಬಿಸಿಲಿಗಿಟ್ಟೆ. ತಾಳ ತಪ್ಪಿಹೋಯ್ತು. ನಂಗೆ ಒಲೀದೇ ಇದ್ದದ್ದು ಆ ಪರದೇಶಿಗೆ ಯಾಕೆ ಒಲೀಬೇಕು?"

ಥೂ! ಎಂದು ಉಗಿಯಬೇಕೆನಿಸಿತು. ಯಾರ ಮುಖಕ್ಕೆ ಉಗಿಯಲಿ?

ನಾಯಕ ಹಲ್ಲುಗಿಂಜುತ್ತ ಚಿಕ್ಕ ನಗಾರಿ ತಂದ. "ಆಗಿದ್ದಾಯ್ತು, ಓರ್ವಿಲಪ್ಪಾ. ನೀನೇ ಬಾರಿಸು. ಜನ ಕಾಯ್ತಿದಾರೆ."

ಓರ್ವಿಲ್ ಹಣೆಯ ರಕ್ತ ಒರೆಸಿಕೊಂಡ. "ಕಲ್ಲೆಸೆಯೋಕೆ ಕೈ ಇತ್ತಲ್ಲ? ಅದರಲ್ಲೇ ಚಪ್ಪಾಳೆ ತಟ್ಕೊಂಡು ಕುಣೀರಿ."

ಮುಖವಾಡವನ್ನು ನನ್ನ ಕಾಲ ಬಳಿ ಎಸೆದು, ಬಲೆ ಹೆಗಲಿಗೇರಿಸಿ ಗುಡ್ಡ ಹತ್ತಿದ. ಮಧ್ಯಾಹ್ನ ಆಚೆ ಊರಿನಿಂದ ನಗಾರಿ ಕೇಳಿಸಿತು. ನಮ್ಮೂರಲ್ಲಿ ಆ ವರ್ಷ ಯಾರೂ ಕುಣಿಯಲಿಲ್ಲ.