ಸೊಪ್ಪು ಯಾವ ತೋಟದ್ದು?

"ಆ ಪುಸ್‌ಪುಸ್ ಡಬ್ಬಿ ಈ ಹೊಸ್ತಿಲು ದಾಟಿದ್ರೆ ನಾನು ಸುಮ್ನಿರಲ್ಲ ಅನಿತಾ!"

ಶ್ಯಾಮಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ನಡುಮನೆಯ ತುಂಬ ಸಾಲಾಗಿ ಜೋಡಿಸಿದ ತಟ್ಟೆಗಳಲ್ಲಿ, ನಾಲ್ಕನೇ ಜ್ವರ ಎನ್ನುವ ಕೊನೆಯ ಪೊರೆ ಬಿಟ್ಟು ಮೂರು ದಿನವಾದ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಸರಸರ ಮೇಯುತ್ತಿದ್ದವು. ಆ ಸದ್ದಿನ ನಡುವೆ ಇನ್ನೊಂದು ಸದ್ದು... ಗೋಡೆಗೊರಗಿ ಕೂತಿದ್ದ ಒಂಬತ್ತು ವರ್ಷದ ಚಂದನಳ ಎದೆಯಿಂದ ಹೊರಡುತ್ತಿದ್ದ ಸಿಳ್ಳು! ಅಂಗಳದಲ್ಲಿ ನಿಂತ ಅನಿತಳ ಕೈಯಲ್ಲಿ ನೀಲಿ ಇನ್‌ಹೇಲರ್. ಬೆಳಗಿನಿಂದ ಹುಡುಕಿ ಹುಡುಕಿ, ಕೊನೆಗೆ ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅದು ಅವಳಿಗೆ ಸಿಕ್ಕಿತ್ತು. ಅಲ್ಲಿ ಬಚ್ಚಿಟ್ಟವರು ಬೇರೆ ಯಾರೂ ಅಲ್ಲ, ಈ ಅತ್ತೆಯೇ.

ಶ್ಯಾಮಲಮ್ಮ ಮೊಮ್ಮಗಳ ವೈರಿಯೇನಲ್ಲ, ಅದನ್ನೂ ಹೇಳಿಬಿಡಬೇಕು. ವೇಮಗಲ್ಲಿನ ಪಕ್ಕದ ಆ ಊರಿನಲ್ಲಿ ಅವರ ಮನೆಗೆ ಸೂರು ಕೊಟ್ಟದ್ದು, ಮಗನ ಮದುವೆ ಮಾಡಿಸಿದ್ದು, ಎಲ್ಲವೂ ಹುಳುಗಳೇ. ಆರು ವರ್ಷದ ಹಿಂದೆ ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರು. ಗಾಳಿ ಈ ಕಡೆಗೆ ತಿರುಗಿತು. ಸಂಜೆಯೊಳಗೆ ತಟ್ಟೆ ತಟ್ಟೆಯ ಹುಳುಗಳೂ ಹಳದಿ ಕಕ್ಕಿ ಸತ್ತು ಬಿದ್ದವು! ಗಂಡ ಸುಬ್ಬರಾಯಪ್ಪ ಆ ರಾಶಿಯನ್ನೆಲ್ಲ ಗುಂಡಿಗೆ ಸುರಿದು, ಗುಂಡಿಯ ಅಂಚಿನಲ್ಲೇ ಕೂತು ಮಗುವಿನಂತೆ ಅತ್ತಿದ್ದ. ಆತ ಕಣ್ಣು ಮುಚ್ಚಿದ ಮೇಲೂ ಆ ಅಳು ಶ್ಯಾಮಲಮ್ಮನ ಕಿವಿಯಿಂದ ಹೋಗಲಿಲ್ಲ. ಅಂದಿನಿಂದ ಮೂತಿಯಿಂದ ಪುಸ್ ಎಂದು ಚಿಮ್ಮುವ ಯಾವ ವಸ್ತುವೂ ಅವರ ಪಾಲಿಗೆ ವಿಷವೇ. ಮಗುವಿನ ಉಬ್ಬಸದ ಔಷಧಿಯೂ...

ಹೀಗಿರುವಾಗ ಇಪ್ಪತ್ತು ದಿನದ ಹಿಂದೆ ಅವರ ಫೋನಿಗೆ ಒಂದು ವಿಡಿಯೋ ಬಂತು. ಬಿಳಿ ಕೋಟು ತೊಟ್ಟವನೊಬ್ಬ ಕೈಮುಗಿದು, "ತಾಯಂದಿರೇ, ಇನ್‌ಹೇಲರ್ ಇಂದೇ ಬಿಸಾಕಿ! ನಮ್ಮ ಗಿಡಮೂಲಿಕೆ ಪುಡಿ ನಲವತ್ತು ದಿನ ಜೇನಿನಲ್ಲಿ ಕೊಡಿ, ಉಬ್ಬಸ ಬುಡಸಮೇತ ಮಾಯ!" ಎಂದ. ಶ್ಯಾಮಲಮ್ಮನಿಗೆ ದೇವರೇ ಬಂದು ಮಾತಾಡಿದ ಹಾಗಾಯಿತು. ಪುಡಿ ಪಾರ್ಸೆಲ್‌ನಲ್ಲಿ ಬಂತು. ಇನ್‌ಹೇಲರ್ ಎರಡು ದಿನದ ಹಿಂದೆ ಮನೆಯಿಂದಾಚೆ ಹೋಯಿತು.

ಅನಿತ ಸುಮ್ಮನೆ ಕೂತಿರಲಿಲ್ಲ. ಸೊಪ್ಪು ಹೆಚ್ಚುತ್ತಾ, ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಹುಡುಕಿದಳು. ಬಿಳಿ ಕೋಟಿನವನ ಹೆಸರಿನ ಮುಂದೆ ಡಾಕ್ಟರ್ ಎಂದಿತ್ತು, ಎಲ್ಲಿ ಓದಿದವನು ಎಂದು ಎಲ್ಲೂ ಇರಲಿಲ್ಲ. ಅದೇ ಮುಖ ಇನ್ನೊಂದು ವಿಡಿಯೋದಲ್ಲಿ ಸಕ್ಕರೆ ಕಾಯಿಲೆಗೆ, ಮತ್ತೊಂದರಲ್ಲಿ ಮಂಡಿನೋವಿಗೆ ಅದೇ ಡಬ್ಬಿ ಹಿಡಿದು ನಿಂತಿತ್ತು! ಗುಣವಾಯಿತೆಂದು ವಿಡಿಯೋದ ಕೆಳಗೆ ಬರೆದವರಲ್ಲಿ ಊರು ಬೇರೆ ಬೇರೆ, ಮಾತು ಮಾತ್ರ ಒಂದೇ. ಬೇರೆ ಪುಟಗಳೂ ಸಿಕ್ಕವು. ಆರೋಗ್ಯ ಇಲಾಖೆಯದು, ದೊಡ್ಡ ಆಸ್ಪತ್ರೆಯದು. ಅವು ಏನನ್ನೂ ಮಾರುತ್ತಿರಲಿಲ್ಲ. ಬರೆದವರು ಯಾರು, ಯಾವಾಗ ತಿದ್ದಿದ್ದು ಎಂದು ಕೆಳಗೇ ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಒಪ್ಪಿಕೊಂಡಿದ್ದವು. ಉಸಿರಾಟದ ವ್ಯಾಯಾಮ ಕೆಲವರಿಗೆ ಹಿತ ಕೊಡಬಹುದು, ಆದರೆ ಡಾಕ್ಟರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬಾರದು ಎಂದಿತ್ತು. ಹುಳು ಸಾಕುವ ಮನೆಯ ದೂಳಿನಿಂದಲೂ ಉಬ್ಬಸ ಕೆರಳಬಹುದು ಎಂದೂ ಇತ್ತು. ಮುಳಬಾಗಿಲಿನಲ್ಲಿ ಯುನಾನಿ ಡಾಕ್ಟರಾಗಿದ್ದ ಹಳೆಯ ಗೆಳತಿ ನಾಹಿದ್‌ಗೆ ಫೋನು ಮಾಡಿದಳು.

"ನಾನೂ ಗಿಡಮೂಲಿಕೆ ಔಷಧಿ ಕೊಡೋಳೇ ಕಣೇ," ಎಂದಿದ್ದಳು ನಾಹಿದ್. "ಆದ್ರೆ ಒಳಗೇನೈತೆ, ಯಾರು ತಯಾರು ಮಾಡಿದ್ದು, ಲೈಸೆನ್ಸ್ ನಂಬರ್ ಏನು ಅಂತ ಡಬ್ಬಿ ಮೇಲೆ ಇಲ್ದಿದ್ರೆ ನಾನಾದ್ರೂ ಮುಟ್ಟಲ್ಲ. ಇನ್‌ಹೇಲರ್ ನಿಲ್ಲಿಸು ಅಂದೋನು ಯಾವ ಪದ್ಧತಿ ಡಾಕ್ಟರೂ ಅಲ್ಲ. ಮಗೂನ ಇವತ್ತೇ ಕೋಲಾರದ ಆಸ್ಪತ್ರೆಗೆ ಕರ್ಕೊಂಡ್ಹೋಗು."

ಇದನ್ನೆಲ್ಲ ಹೇಳಿದಾಗ ಶ್ಯಾಮಲಮ್ಮ ನಕ್ಕಿದ್ದರು. "ನಿನ್ ಫೋನಲ್ಲಿ ಬಂದಿದ್ದು ನಿಜ, ನನ್ ಫೋನಲ್ಲಿ ಬಂದಿದ್ದು ಸುಳ್ಳಾ? ಭಾರಿ ಓದ್ಕೊಂಡೋಳು ಬಂದ್ಬಿಟ್ಟಳು!" ಹುಳು ಹಣ್ಣಾಗಿ ಗೂಡು ಕಟ್ಟಲು ಹೋಗುವವರೆಗೆ ಮನೆ ಬಿಟ್ಟು ಕದಲಬೇಡ ಎಂದು ಗಂಡನೂ ಗದರಿದ. ಅನಿತ ಹಲ್ಲು ಕಚ್ಚಿ ಎರಡು ದಿನ ತಡೆದಳು. ಆ ಎರಡು ದಿನಕ್ಕಾಗಿ ಅವಳು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ...

"ಅಮ್ಮಾ..." ಒಳಗಿನಿಂದ ಚಂದನ ಕರೆದಳು. ಅಷ್ಟು ಹೇಳುವುದಕ್ಕೂ ಉಸಿರು ಸಾಲಲಿಲ್ಲ.

"ದಾರಿ ಬಿಡಿ ಅತ್ತೆ!"

ಅದೇ ಹೊತ್ತಿಗೆ ಅನಿತಳ ಗಂಡ ಅಮರನಾಥ್ ಬೈಕಿನ ಮೇಲೆ ಸೊಪ್ಪಿನ ಹೊರೆ ಹೇರಿಕೊಂಡು ಬಂದ. ಶ್ಯಾಮಲಮ್ಮನ ಕಣ್ಣು ತಾನಾಗಿ ಅತ್ತ ತಿರುಗಿತು.

"ಯಾರ ತೋಟದ್ದೋ ಸೊಪ್ಪು?"

"ಕದಿರೇಶಂದು ಅಮ್ಮ. ನಮ್ದು ಸಾಲಲ್ವಲ್ಲ..."

"ಔಷಧಿ ಹೊಡೆದು ಎಷ್ಟು ದಿನ ಆಯ್ತಂತೆ?"

"ಹೊಡೆದೇ ಇಲ್ಲ ಅಂದ."

"ಮಾರೋನು ಇನ್ನೇನಂತಾನೋ ದಡ್ಡ! ಅಕ್ಕಪಕ್ಕದೋರ್ನ ಕೇಳಿದ್ಯಾ? ಮೊದ್ಲು ನಾಲ್ಕು ಹುಳಕ್ಕೆ ಹಾಕಿ ನೋಡು, ಆಮೇಲೆ ಒಳಗೆ ತಾ!"

ಅನಿತಳೊಳಗೆ ಏನೋ ಕಡಿದುಹೋಯಿತು. ಹತ್ತು ವರ್ಷ ತಗ್ಗಿಸಿದ್ದ ತಲೆ ಅಂದು ಮೇಲೆದ್ದಿತು.

"ಈಗ ಅಂದ್ರಲ್ಲ ಅತ್ತೆ, ಅದನ್ನೇ ನಾನು ಇಪ್ಪತ್ತು ದಿನದಿಂದ ಬಡ್ಕೊಳ್ತಿರೋದು! ಹುಳ ತಿನ್ನೋ ಸೊಪ್ಪಿಗೆ ತೋಟ ಯಾವ್ದು, ಹೊಡೆದಿದ್ದೇನು, ಮಾರೋನ ಮಾತು ನಂಬ್ಬೇಡ ಅಂತೀರಿ. ನಿಮ್ಮ ಮೊಮ್ಮಗಳು ತಿನ್ನೋ ಪುಡಿ ಯಾವ ತೋಟದ್ದು? ಯಾರನ್ನ ಕೇಳಿದ್ರಿ? ಮಾರೋನ್ನೇ ತಾನೆ! ಹುಳಕ್ಕಿಂತ ಕಡೆಯಾದ್ಲಾ ನನ್ ಮಗಳು?"

ಚೌಕಟ್ಟು ಹಿಡಿದಿದ್ದ ಶ್ಯಾಮಲಮ್ಮನ ಕೈ ಸಡಿಲವಾಯಿತು. ಅನಿತ ಆ ತೋಳನ್ನು ಸರಿಸಿ ಒಳನುಗ್ಗಿದಳು. "ಹುಳ ಸತ್ರೆ ಸಾಯ್ಲಿ! ನಾನೇ ಗುಂಡಿ ತೋಡ್ತೀನಿ!" ಎನ್ನುತ್ತಲೇ ಮಗಳನ್ನು ತೊಡೆಗೊರಗಿಸಿ, ಇನ್‌ಹೇಲರ್ ಬಾಯಿಗಿಟ್ಟು ಒತ್ತಿದಳು. ಒಂದು ಸಲ... ಇನ್ನೊಂದು ಸಲ...

"ಬೈಕ್ ತಿರುಗ್ಸಿ," ಎಂದಳು ಗಂಡನಿಗೆ.

"ಸೊಪ್ಪು..." ಎಂದ ಅಮರನಾಥ್.

"ಸೊಪ್ಪು ಅಲ್ಲೇ ಬಿಸಾಕಿ!"

ಹತ್ತು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ಅಪ್ಪಣೆ ಅದು. ಅವನು ಹೊರೆ ಬಿಸಾಕಿದ.

ಕೋಲಾರದ ಆಸ್ಪತ್ರೆಯಲ್ಲಿ ಮಗು ಮೂರು ದಿನ ಇತ್ತು. "ಇನ್ನರ್ಧ ಗಂಟೆ ತಡ ಮಾಡಿದ್ರೆ ಕಷ್ಟ ಆಗ್ತಿತ್ತು," ಎಂದರು ಡಾಕ್ಟರು. ನಾಲ್ಕನೇ ದಿನ ಅನಿತ ಮಗಳೊಂದಿಗೆ ಅಂಗಳದವರೆಗೆ ಬಂದಳು, ಒಳಗೆ ಕಾಲಿಡಲಿಲ್ಲ.

"ಹುಳ ಇರೋ ಮನೇಲಿ ನನ್ ಮಗಳು ಮಲಗಲ್ಲ ಅತ್ತೆ. ಶ್ರೀನಿವಾಸಪುರಕ್ಕೆ ನಮ್ಮಪ್ಪನ ಮನೆಗೆ ಹೋಗ್ತೀನಿ. ಬಟ್ಟೆ ತಗೊಳಕ್ಕೆ ಬಂದೆ."

ಶ್ಯಾಮಲಮ್ಮ ಮೂಲೆಯಲ್ಲಿ ಕೂತು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದರು. ಒಂದು ಹುಳವೂ ಸತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಪುಡಿಯ ಡಬ್ಬಿಯ ಮೇಲಿನ ನಂಬರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ನಿಮ್ ಪುಡೀಲಿ ಏನೇನೈತಪ್ಪಾ?"

"ಅದು ನಮ್ಮ ಮನೆತನದ ರಹಸ್ಯ ಅಜ್ಜಿ. ಇನ್ನೆರಡು ಡಬ್ಬಿ ಕಳಿಸ್ಲಾ?"

"ರಹಸ್ಯಾನಾ? ಹೆಸರು ಹೇಳ್ದೆ ಇರೋ ಸೊಪ್ಪನ್ನ ನಾನು ಹುಳಕ್ಕೇ ಹಾಕಲ್ವಲ್ಲೋ! ನೀನೆಲ್ಲಿ ಓದಿದ್ದು? ನಿನ್ ಮಗೂಗೆ ಉಬ್ಸ ಬಂದ್ರೆ ಇದನ್ನೇ ತಿನ್ನಿಸ್ತೀಯಾ?... ಲೇ, ಮಾತಾಡ್ಲಾ!"

ಆ ಕಡೆ ಫೋನು ಕಟ್ಟಾಯಿತು. ಶ್ಯಾಮಲಮ್ಮ ಡಬ್ಬಿಯನ್ನು ತಿಪ್ಪೆಗೆ ಎಸೆಯಲಿಲ್ಲ. "ಇದನ್ನ ಕೋಲಾರದ ಡಾಕ್ಟರ್‌ಗೆ ತೋರ್ಸು, ಇನ್ನೊಬ್ರ ಮಗು ತಿನ್ನೋದು ಬೇಡ," ಎಂದು ಸೊಸೆಯ ಕೈಗಿಟ್ಟರು. ಆಮೇಲೆ ಮಗನತ್ತ ತಿರುಗಿದರು. ಆ ಮನೆಯಲ್ಲಿ ತಟ್ಟೆಗಳಿಲ್ಲದ ಕೋಣೆ ಒಂದೇ. ಅಂಗಳದಾಚೆಗಿದ್ದ ಆ ಕೋಣೆ ಸುಬ್ಬರಾಯಪ್ಪ ಕಟ್ಟಿಸಿದ್ದು. ಆತ ಹೋದ ಮೇಲೆ ಅದರಲ್ಲಿ ಶ್ಯಾಮಲಮ್ಮನನ್ನು ಬಿಟ್ಟು ಬೇರೆ ಯಾರೂ ಮಲಗಿದವರಲ್ಲ.

"ನನ್ ಮಂಚ ಈಚೆಗೆ ಎತ್ತಾಕು ಅಮರ. ಕೋಣೆ ಚೆನ್ನಾಗಿ ತೊಳ್ಸು, ಒಂಚೂರು ದೂಳಿರಬಾರ್ದು. ತಾಯಿ ಮಗಳು ಅಲ್ಲಿರ್ತಾರೆ."

"ನೀನೆಲ್ಲಿ ಮಲಗ್ತೀಯಮ್ಮ?"

"ಹುಳದ ಹತ್ರ. ನನಗೇನು ಉಬ್ಸ ಐತಾ?"

ಅನಿತಳ ಕಣ್ಣು ತುಂಬಿತು. ಆದರೂ ಅವಳು ಹೊಸ್ತಿಲು ದಾಟಲಿಲ್ಲ.

"ಕೋಣೆ ತೊಳೆದಾಗ್ಲಿ ಅತ್ತೆ," ಎಂದಳು. "ನೋಡಿ ಆಮೇಲೆ ಬರ್ತೀನಿ."

ಶ್ಯಾಮಲಮ್ಮ ಮೂಲೆಯ ಪೊರಕೆಯನ್ನು ತಾವೇ ಎತ್ತಿಕೊಂಡರು.