ಎರಡೂ ಹೆಣ್ಣೇ, ಬೇಕಾದ್ರೆ ಬರ್ದುಕೊಡ್ತೀನಿ!

"ಏನ್ರೀ, ನೀವು ಮಾರಿದ್ದು ಮೊಲಾನಾ, ರೋಗಾನಾ?!"

ಬೆಳಿಗ್ಗೆ ಎಂಟು ಗಂಟೆಗೆ ಕುರುಬರಹಳ್ಳಿಯ ಇಡೀ ಅಡ್ಡರಸ್ತೆಗೆ ಕೇಳೋ ಹಾಗೆ ಗೇಟಿನಲ್ಲಿ ನಿಂತು ಕೂಗಿದವನು ಮಧುಕುಮಾರ್. ಮಾಗಡಿ ರೋಡಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟವನು. ಕೈಯಲ್ಲಿ ಮಿಕ್ಸಿಯದೇ ರಟ್ಟಿನ ಡಬ್ಬ. ಅದರೊಳಗೆ ಬೆಲ್ಲ ಅನ್ನೋ ಹೆಸರಿನ ಕಂದು ಮೊಲ.

ಟೆರೇಸಿನಲ್ಲಿ ಮೊಲಗಳಿಗೆ ಹುಲ್ಲು ಹಾಕುತ್ತಿದ್ದ ವಚನಾ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಳು. ಮೊದಲೇ ಅವಳಿಗೆ ಕೋಪ ಮೂಗಿನ ತುದಿಯಲ್ಲಿ. ಇನ್ನು ಅವಳ ಮೊಲಕ್ಕೆ ರೋಗ ಅಂದರೆ ಬಿಡ್ತಾಳಾ?

"ಮಾತು ನೆಟ್ಟಗಿರ್ಲಿ! ಹದಿನಾರು ಮೊಲ ಸಾಕ್ತಿದೀನಿ. ಒಂದಕ್ಕೂ ಒಂದು ಸೀನು ಬಂದಿಲ್ಲ!"

"ಹಂಗಾದ್ರೆ ಇದೇನು? ನಿನ್ನೆಯಿಂದ ತನ್ನ ಎದೆ ಕೂದಲನ್ನ ತಾನೇ ಕಿತ್ತು ಕಿತ್ತು ಹಾಕ್ತಿದೆ! ನಮ್ಮಮ್ಮ ಊಟಾನೇ ಮಾಡಿಲ್ಲ!"

ವಚನಾ ಡಬ್ಬ ಕಿತ್ತುಕೊಂಡು ಬೆಲ್ಲನ ಹೊಟ್ಟೆಯ ಕೆಳಗೆ ಮೆಲ್ಲಗೆ ಬೆರಳಿಟ್ಟಳು. ಅಷ್ಟೇ... ಗೊತ್ತಾಗಿಹೋಯಿತು.

ರೋಗ ಅಲ್ಲ. ಹೆರೋಕೆ ಮುಂಚೆ ತಾಯಿ ಮೊಲ ತನ್ನ ಕೂದಲು ಕಿತ್ತು ಮರಿಗಳಿಗೆ ಹಾಸಿಗೆ ಮಾಡುತ್ತೆ. ಬೆಲ್ಲ ಬಸುರಿ!

ನಾಲ್ಕು ತಿಂಗಳ ಹಿಂದೆ ಮಧು ತನ್ನ ತಾಯಿ ಬೋರಮ್ಮನ ಮೊಣಕಾಲು ಆಪರೇಶನ್ ಆದಾಗ, ಅವರ ಬೇಜಾರು ಕಳೆಯಲಿ ಅಂತ ಎರಡು ಮರಿ ಒಯ್ದಿದ್ದ. "ಸಂಸಾರಗಿಂಸಾರ ಬೆಳೀಬಾರ್ದು ಮೇಡಂ, ಎರಡೂ ಹೆಣ್ಣೇ ಕೊಡಿ" ಅಂದಿದ್ದ. ವಚನಾ ಬಾಲ ಎತ್ತಿ ನೋಡಿ ಹೇಳಿದ್ದಳು: "ಎರಡೂ ಹೆಣ್ಣೇ. ಬೇಕಾದ್ರೆ ಬರ್ದುಕೊಡ್ತೀನಿ!"

ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸೋದು ಅನುಭವಸ್ಥರಿಗೂ ತಪ್ಪುತ್ತೆ. ಅದನ್ನ ಒಪ್ಪಿಕೊಂಡರೆ ಗಂಟೇನು ಹೋಗುತ್ತಿತ್ತು? ಆದರೆ ವಚನಾಳ ಮೊಲದ ವಿಡಿಯೊಗಳನ್ನ ಹನ್ನೊಂದು ಸಾವಿರ ಜನ ನೋಡ್ತಾರೆ. ಎಲ್ಲರಿಗೂ ಅವಳು ‘ಮೊಲದಕ್ಕ’. ಮೊಲದಕ್ಕ ತಪ್ಪು ಮಾಡೋದುಂಟಾ!

"ಇದು ಬಸುರಿ" ಅಂದಳು ಗಡುಸಾಗಿ. "ನಿಮ್ಮ ಟೆರೇಸಿಗೆ ಯಾವುದೋ ಗಂಡು ಮೊಲ ಬಂದಿರ್ಬೇಕು."

"ಓಹೋ! ಬಸ್ ಹತ್ಕೊಂಡು ಶ್ರೀಗಂಧದ ಕಾವಲ್‌ಗೆ, ನಮ್ಮನೆ ತನಕ ಬಂತಾ? ಟಿಕೆಟ್ ತಗೊಂಡಿತ್ತಾ?!"

"ನೋಡಿ ಮಿಸ್ಟರ್..."

"ವಚನಾ!" ಒಳಗಿಂದ ಅಪ್ಪ ಶಿವಬಸಪ್ಪನ ದಾವಣಗೆರೆ ದನಿ. "ಮೊದ್ಲು ಬಾಣಂತನ ನೋಡವ್ವ. ಜಗಳ ಆಮೇಲಾಡೀರಂತೆ!"

ಆವತ್ತೇ ಅವಳು ಸ್ಕೂಟರಿನಲ್ಲಿ ಮರದ ಗೂಡು ಹೊತ್ತು ಮಧುವಿನ ಮನೆಗೆ ಹೋದಳು. ಯಾರೂ ಇಲ್ಲದಾಗ ಇನ್ನೊಂದು ಮೊಲ, ‘ಪುಟ್ಟಿ’ಯನ್ನ ತಿರುಗಿಸಿ ನೋಡಿದಳು. ಅಯ್ಯೋ... ಅಪ್ಪಟ ಗಂಡು!

ಸದ್ದಿಲ್ಲದೆ ಅದನ್ನ ಬೇರೆ ಪಂಜರಕ್ಕೆ ಹಾಕಿದಳು. "ಬಾಣಂತಿಗೆ ನೆಮ್ಮದಿ ಬೇಕು. ಇವೆರಡನ್ನ ಸೇರಿಸ್ಬೇಡಿ" ಅಂದಳು. ಯಾಕೆ ಅಂತ ಹೇಳಲಿಲ್ಲ.

'ಹೇಳಿಬಿಡೇ...' ಅಂತು ಮನಸ್ಸು.

'ನಾಳೆ ಹೇಳ್ತೀನಿ.'

ಮರುದಿನ ಆರು ಮರಿ ಹುಟ್ಟಿದವು. ಆಮೇಲೆ ದಿನಾ ಬೆಳಿಗ್ಗೆ ಆರಕ್ಕೆ ವಚನಾ ಹಾಜರು. ಬೋರಮ್ಮನ ಕಾಫಿ, ಮಧುವಿನ ಪ್ರಶ್ನೆಗಳು.

"ಇದೆಂಥ ತಾಯಿ ರೀ? ಐದು ನಿಮಿಷ ಹಾಲು ಕೊಟ್ಟು ಹೊರಟೇ ಹೋದ್ಳು!"

"ಅದೇ ಅವಳ ಪ್ರೀತಿ! ತಾನು ಅಲ್ಲೇ ಕೂತ್ರೆ ಬೆಕ್ಕಿಗೆ ಗೂಡು ಗೊತ್ತಾಗುತ್ತೆ ಅಂತ ದೂರ ಇರ್ತಾಳೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಪ್ರೀತಿ ಬಗ್ಗೆನೂ ಬೈದೇ ಹೇಳ್ತೀರಲ್ರೀ!" ಅಂತ ನಕ್ಕ. ವಚನಾಳ ಕೆನ್ನೆ ಬಿಸಿಯಾಯಿತು. ಈ ನಗು ಕಳೆದುಕೊಳ್ಳೋಕೆ ಅವಳಿಗೆ ಭಯ ಶುರುವಾಗಿತ್ತು.

'ನಾಳೆ ಹೇಳ್ತೀನಿ... ಖಂಡಿತ ನಾಳೆ.'

ಐದನೇ ದಿನ ಬೆಳಿಗ್ಗೆ ಅವಳು ಹೋದಾಗ ಮಧು ನೆಲದ ಮೇಲೆ ಕೂತಿದ್ದ. ಅವನೆದುರು ಬಿಳಿ ಟವೆಲ್ಲಿನಲ್ಲಿ ಎರಡು ಮರಿ. ತಣ್ಣಗಾಗಿದ್ದವು.

"ಪುಟ್ಟಿ ಒಂಟಿಯಾಗಿ ಕಂಬಿ ಕಚ್ತಾ ಇದ್ಲು... ಅಕ್ಕತಂಗಿ ತಾನೇ ಅಂತ ಬಿಟ್ಬಿಟ್ಟೆ. ಬೆಲ್ಲನ್ನ ಅಟ್ಟಿಸ್ಕೊಂಡು ಗೂಡಿಗೇ ನುಗ್ಗಿ ತುಳಿದ್ಬಿಡ್ತು. ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ. ನಾನೇ ಕೊಂದೆ ವಚನಾ..."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ಕಣ್ಣೀರು ನೋಡುತ್ತಾ ಸುಮ್ಮನಿರೋಕೆ ಅವಳಿಂದಾಗಲಿಲ್ಲ.

"ನೀವಲ್ಲ... ನಾನು. ಪುಟ್ಟಿ ಗಂಡು. ಕೊಡುವಾಗ ನಾನೇ ತಪ್ಪು ನೋಡಿದ್ದೆ."

ಮಧು ತಲೆ ಎತ್ತಿದ. "ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ."

"ನಾಲ್ಕು ದಿನ!" ಅವನು ಎದ್ದು ನಿಂತ. "ನಾಲ್ಕು ದಿನ ನಮ್ಮಮ್ಮನ ಕಾಫಿ ಕುಡ್ಕೊಂಡು, ನನ್ನ ಮುಖ ನೋಡ್ಕೊಂಡು ಇದ್ರಲ್ಲ! ‘ಅದು ಗಂಡು.’ ಎರಡೇ ಪದ ಕಣ್ರೀ! ಗುರುತು ತಪ್ಪಿದ್ದಕ್ಕೆ ನನಗೆ ಕೋಪ ಇಲ್ಲ. ಮುಚ್ಚಿಟ್ರಲ್ಲ... ಈ ಜೀವಗಳಿಗಿಂತ ನಿಮ್ಮ ಹೆಸರು ದೊಡ್ಡದಾಯ್ತಾ?"

ವಚನಾ ಟವೆಲ್ಲಿನ ಕಡೆ ಕೈ ಚಾಚಿದಳು.

"ಹೋಗಿ. ಮತ್ತೆ ಬರ್ಬೇಡಿ!"

ದಾರಿಯುದ್ದಕ್ಕೂ ಅತ್ತಳು. ತನ್ನ ಮೇಲೇ ಉರಿದುಬಿದ್ದಳು. 'ಥೂ, ನಿನ್ನ ಜಂಬಕ್ಕಿಷ್ಟು ಬೆಂಕಿ ಹಾಕ!'

ಆ ಸಂಜೆ ಒಂದು ವಿಡಿಯೊ ಹಾಕಿದಳು. ಮೇಕಪ್ ಇಲ್ಲ, ಮುದ್ದಾದ ಮರಿಗಳೂ ಇಲ್ಲ. "ಗಂಡನ್ನ ಹೆಣ್ಣು ಅಂತ ಕೊಟ್ಟೆ. ಗೊತ್ತಾದ ಮೇಲೂ ಮುಚ್ಚಿಟ್ಟೆ. ಎರಡು ಮರಿ ಸತ್ತವು. ತಪ್ಪು ನನ್ನದು" ಅಂದಳು. ಜನ ಬಾಯಿಗೆ ಬಂದ ಹಾಗೆ ಬೈದರು. ಒಂದನ್ನೂ ಅಳಿಸಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಮಧು ಬಾಗಿಲು ತೆಗೆದರೆ ಅವಳೇ!

"ಬರ್ಬೇಡಿ ಅಂದಿದ್ದೆ."

"ನಿಮಗೋಸ್ಕರ ಬಂದಿಲ್ಲ! ಉಳಿದ ನಾಲ್ಕರಲ್ಲಿ ಆ ಬೂದು ಮರಿ ಹೊಟ್ಟೆ ಸುಕ್ಕಾಗಿದೆ. ಅದೊಂದಕ್ಕೇ ಬೇರೆಯಾಗಿ ಹಾಲು ಕುಡಿಸ್ದಿದ್ರೆ ಉಳಿಯಲ್ಲ. ಎಷ್ಟು ಬೇಕಾದ್ರೂ ಬೈಯಿರಿ... ಆದ್ರೆ ದಾರಿ ಬಿಡಿ!"

ಅವನು ಬೈಯಲಿಲ್ಲ. ದಾರಿ ಬಿಟ್ಟ. ಮಾತೂ ಆಡಲಿಲ್ಲ.

ಬೆಲ್ಲನನ್ನ ಮಡಿಲಲ್ಲಿ ಹಿಡಿದು, ಬೂದು ಮರಿಗೆ ಐದು ನಿಮಿಷ ಹಾಲು ಕುಡಿಸಿ ಅವಳು ಹೊರಟಳು. ಮರುದಿನವೂ ಹಾಗೇ. ಅದರ ಮರುದಿನವೂ. ಬೈಗುಳಕ್ಕಿಂತ ಆ ಮೌನವೇ ಅವಳನ್ನು ಕೊಲ್ಲುತ್ತಿತ್ತು.

ನಾಲ್ಕನೇ ದಿನ ಬೋರಮ್ಮ ಕೋಲೂರಿಕೊಂಡು ಬಂದು ಲೋಟ ಕುಕ್ಕಿದರು. "ಕುಡಿಯಮ್ಮ. ಅವನ ಮುನಿಸು ಅವನಿಗೆ, ನನ್ನ ಕಾಫಿ ನಂದು!"

ಮರಿಗಳಿಗೆ ಹತ್ತು ದಿನ ತುಂಬಿದ ಬೆಳಿಗ್ಗೆ, ವಚನಾ ಬರುವಷ್ಟರಲ್ಲಿ ಮಧು ಗೇಟಿನಲ್ಲೇ ನಿಂತಿದ್ದ. ಅಂಗೈಯಲ್ಲಿ ಬೂದು ಮರಿ. ಹೊಟ್ಟೆ ಗುಂಡಗಾಗಿತ್ತು... ಕಣ್ಣು ಬಿಟ್ಟಿತ್ತು!

"ನೋಡಿ, ಕಣ್ಣು ಬಿಡ್ತು" ಅಂದ. ಆರು ದಿನಗಳ ಮೇಲೆ ಮೊದಲ ಮಾತು.

"ವಿಡಿಯೊ ನೋಡ್ದೆ" ಅಂದ ಮತ್ತೆ.

"ಯಾವಾಗ?"

"ಹಾಕಿದ ದಿನಾನೇ."

"ಮತ್ತೆ ಯಾಕ್ರೀ ಮಾತಾಡ್ಲಿಲ್ಲ ಇಷ್ಟು ದಿನ?!"

"ಕೋಪ ಇತ್ತು! ನಿಮಗೊಬ್ರಿಗೇನಾ ಕೋಪ ಬರೋದು?"

ಅವಳು ಮೂಗೊರೆಸಿಕೊಂಡಳು. ಅವನು ಮರಿಯನ್ನ ಅವಳ ಕೈಗಿಟ್ಟ.

"ಹೇಳಿ ಮೊಲದಕ್ಕ. ಇದು ಗಂಡಾ, ಹೆಣ್ಣಾ?"

ಅಭ್ಯಾಸಬಲದಿಂದ ಬಾಲ ಎತ್ತಲು ಹೋದವಳು ನಿಂತುಬಿಟ್ಟಳು.

"ಗೊತ್ತಿಲ್ಲ."

"ಏನಂದ್ರಿ?"

"ಗೊತ್ತಿಲ್ಲ ಅಂದೆ! ಇಷ್ಟು ಚಿಕ್ಕದ್ರಲ್ಲಿ ಹೇಳಕ್ಕಾಗಲ್ಲ. ಎಷ್ಟು ಸಲ ಹೇಳ್ಬೇಕು?"

ಮಧು ನಕ್ಕುಬಿಟ್ಟ. ಕಳೆದುಹೋಯಿತು ಅಂದುಕೊಂಡಿದ್ದ ಅದೇ ನಗು! ವಚನಾಳಿಗೆ ಇನ್ನು ತಡೆಯಲಾಗಲಿಲ್ಲ.

"ಇನ್ನೊಂದು ಸುಳ್ಳು ಹೇಳಿದೀನಿ ನಿಮಗೆ... ನಿಮಗೋಸ್ಕರ ಬಂದಿಲ್ಲ ಅಂದೆನಲ್ಲ, ಅದು. ಮರಿಗೂ ಬಂದೆ, ನಿಮಗೂ ಬಂದೆ. ನೀವಂದ್ರೆ ನನಗೆ ತುಂಬಾ ಇಷ್ಟ ಮಧು."

"ಇದಾದ್ರೂ ಖಾತ್ರಿನಾ?"

"ಬೇಕಾದ್ರೆ ಬರ್ದು..." ನಾಲಿಗೆ ಕಚ್ಚಿಕೊಂಡಳು.

"ಬರ್ದುಕೊಡೋದೇನೂ ಬೇಡ ತಾಯಿ!" ಅವನು ಮರಿಯ ಸಮೇತ ಅವಳ ಕೈ ಹಿಡಿದುಕೊಂಡ. "ನನಗೂ ನೀವಂದ್ರೆ ಇಷ್ಟ. ಹಾಳಾದ್ದು, ಕೋಪ ಇದ್ದಾಗ್ಲೂ ಇಷ್ಟಾನೇ ಇತ್ತು. ತಪ್ಪಾದ್ರೆ ಆವತ್ತೇ ಹೇಳಿಬಿಡಿ, ಅಷ್ಟು ಸಾಕು."

"ಹೇಳಿದ್ರೆ ಬೈಯಲ್ವಾ?"

"ಬೈತೀನಿ! ಆದ್ರೆ ಇನ್ಮೇಲೆ ‘ಹೋಗಿ’ ಅನ್ನಲ್ಲ."