ತಗಡಿನ ಆ ಬದಿ

"ನೋಡ್ಬೇಡ್ರೀ! ಕಣ್ಣು ಮುಚ್ಚಿ!"

ಅಷ್ಟು ಕೂಗಿದರೂ ಅರ್ಪಿತ ಕಣ್ಣು ಮುಚ್ಚಲಿಲ್ಲ. ರಾಜಘಟ್ಟದ ರಸ್ತೆಯ ಆ ಶೆಡ್ಡಿನಲ್ಲಿ ಉರಿಯುತ್ತಿದ್ದ ನೀಲಿ ಬೆಳಕು ಅಂಥದ್ದು. ಸೂರ್ಯನೇ ನಾಚಿ ಮೋಡದೊಳಗೆ ಸರಿದಿದ್ದ. ಮಾಕಳಿದುರ್ಗ ಹತ್ತುತ್ತಿದ್ದವರು ಸಿಡಿಲೆಂದು ಹೆದರಿ ಅರ್ಧದಲ್ಲೇ ಇಳಿದು ಬಂದರಂತೆ!

ಬೆಳಕು ಆರಿತು. ವೆಲ್ಡಿಂಗ್ ಮಾಡುತ್ತಿದ್ದವನು ಓಡಿಬಂದು ತನ್ನ ಮುಖಕವಚವನ್ನು ಅವಳ ಮುಖಕ್ಕೆ ಅಡ್ಡ ಹಿಡಿದ. ಬೆಳಕು ಆರಿದ ಮೇಲೆ ಯಾಕೆ ಹಿಡಿದನೋ, ಅವನಿಗೂ ಗೊತ್ತಿಲ್ಲ.

ಕವಚ ಕೆಳಗಿಳಿದಾಗ ಮಸಿ ಮೆತ್ತಿದ ಮುಖವೊಂದು ಕಂಡಿತು. ಅಂಬರೀಶ್. ಇಡೀ ತಾಲ್ಲೂಕಿನ ಗೇಟುಗಳೆಲ್ಲ ಅವನ ಕೈಯಲ್ಲೇ ಹುಟ್ಟಿದವು.

"ಏನಾಗ್ಬೇಕಿತ್ತು ಮೇಡಂ?"

"ವೆಲ್ಡಿಂಗ್ ಕಲೀಬೇಕು."

ಅವನು ನಗಲಿಲ್ಲ. ಅವಳಿಗೆ ಅದೇ ಸಾಕಾಯಿತು...

ಅವಳ ಹಟಕ್ಕೆ ಕಾರಣ, ಹೊರಗೆ ನಿಂತಿದ್ದ ಹಳೇ ಓಮ್ನಿ ವ್ಯಾನು. ಅಪ್ಪ ಸಿದ್ದರಾಜು ವರ್ಷಗಟ್ಟಲೆ ಅದರಲ್ಲಿ ಹಸಿ ಹೂವಿನ ಮೂಟೆ ಸಾಗಿಸಿದ್ದರು. ನೀರು ಇಳಿದಿಳಿದು ನೆಲವೆಲ್ಲ ತುಕ್ಕು. ಒಳಗೆ ಕೂತವರ ಚಪ್ಪಲಿ ರಸ್ತೆಗೆ ಬೀಳುವಷ್ಟು ದೊಡ್ಡ ತೂತು. ಅದನ್ನು ತಾನೇ ಸರಿಮಾಡಿಕೊಂಡು ದಾಬಸ್‌ಪೇಟೆಯ ಕೆಲಸಕ್ಕೆ ಓಡಿಸಿಕೊಂಡು ಹೋಗುತ್ತೇನೆಂದು ಅರ್ಪಿತ ಮನೆಯವರ ಮುಂದೆ ಸಾರಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಪ್ಪ ಮಾತ್ರ ಷರತ್ತು ಹಾಕಿದ್ದರು. ಪೂರ್ತಿ ಅವಳೇ ಮಾಡಿದರೆ ವ್ಯಾನು ಅವಳದು. ಬೇರೆಯವರ ಕೈಯಿಂದ ಒಂದು ಚುಕ್ಕಿ ಬೆಸುಗೆ ಬಿದ್ದರೂ ಗುಜರಿಗೆ!

ಹಾಗೆ ಶುರುವಾಯಿತು ಕಲಿಕೆ. ಭಾನುವಾರ ಬಂದರೆ ಸಾಕು, ಅವಳು ಕೋಳಿಗಿಂತ ಮೊದಲೇ ಎದ್ದು ಶೆಡ್ಡಿಗೆ ಹಾಜರು. ಮೊದಮೊದಲು ತೆಳು ತಗಡನ್ನು ಸುಟ್ಟು ಜರಡಿ ಮಾಡಿದಳು. ಬೆಸುಗೆ ನೋಡಿದರೆ ಹಕ್ಕಿ ಹಿಕ್ಕೆ ಹಾಕಿದಂತಿತ್ತು.

ಅಂಬರೀಶ್ ಮಾತ್ರ ಪ್ರತಿ ಸಲವೂ ಸೂಪರ್ ಎನ್ನುತ್ತಿದ್ದ. ತೂತು ಬಿದ್ದರೂ ಸೂಪರ್, ಎರಡು ತಗಡು ಕಚ್ಚದೆ ಕಳಚಿ ಬಿದ್ದರೂ ಸೂಪರ್.

'ಇವನಿಗೆ ಕಣ್ಣು ಕಾಣಲ್ವಾ?' ಅಂದುಕೊಳ್ಳುತ್ತಿದ್ದಳು. ಆದರೂ ಆ ಒಂದು ಮಾತಿಗಾಗಿ ಅವಳ ಎದೆ ವಾರವಿಡೀ ಡೋಲು ಬಾರಿಸುತ್ತಿತ್ತು... ಅದರ ಸದ್ದು ದೇವನಹಳ್ಳಿಗೆ ಕೇಳದಿದ್ದದ್ದು ವಿಮಾನಗಳ ಗಲಾಟೆಯಿಂದ ಅಷ್ಟೇ.

ಕೊನೆಗೆ ಆ ದಿನ ಬಂತು. ಸೀಟು, ಪೆಟ್ರೋಲ್ ಟ್ಯಾಂಕು ಇಳಿಸಿ, ಬ್ಯಾಟರಿ ತಂತಿ ಕಳಚಿ, ಅವಳು ವ್ಯಾನಿನೊಳಗೆ ಕೂತು ಹೊಸ ತಗಡನ್ನು ಬೆಸೆದಳು. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಡುತ್ತ ಸುತ್ತಲೂ ಕೂಡಿಸಿದಳು. ಅಂಬರೀಶ್ ದೂರ ನಿಂತೇ ಇದ್ದ. ವ್ಯಾನು ಅಂದು ಶೆಡ್ಡಿನಲ್ಲೇ ಉಳಿಯಿತು.

ಮರುದಿನ ತಳಕ್ಕೆ ಬಣ್ಣ ಬಳಿಯಲು ಜಾಕಿ ಕೊಟ್ಟು ಎತ್ತಿ, ಅವಳು ಕೆಳಗೆ ನುಸುಳಿದಳು.

ನೋಡುತ್ತಾಳೆ... ತಗಡಿನ ಅಂಚಿಗೆ ಸುತ್ತಲೂ ಇನ್ನೊಂದು ಬೆಸುಗೆ! ಅವಳು ಕೆಳಗಿನಿಂದ ಒಂದು ಚುಕ್ಕಿಯನ್ನೂ ಇಟ್ಟಿರಲಿಲ್ಲ.

'ನಾನು ಹೋದಮೇಲೆ ಮಾಡಿದಾನೆ. ನನ್ನ ಕೈಲಿ ಆಗಲ್ಲ ಅಂತ...'

ಹೊರಬಂದವಳ ಕಣ್ಣು ವೆಲ್ಡಿಂಗಿನ ಬೆಳಕಿಗಿಂತ ಹೆಚ್ಚು ಉರಿಯುತ್ತಿತ್ತು.

"ಕೆಳಗಿಂದ ವೆಲ್ಡ್ ಮಾಡಿದ್ರಾ?"

"ಇಲ್ಲ ಮೇಡಂ. ಅದು ನಿಮ್ದೇ. ಮೇಲಿಂದ ಕರಗಿ ಇಳಿದಿರೋದು."

"ಇದೂ ಸೂಪರ್ ಅಂತೀರಾ?"

ಅವನು ಆಣೆ ಇಟ್ಟ. ಅವಳು ಕೇಳಿಸಿಕೊಳ್ಳಲಿಲ್ಲ. ವ್ಯಾನು ಅಲ್ಲೇ ಬಿಟ್ಟು ನಡೆದುಬಿಟ್ಟಳು. ಅಂದು ಅವಳು ಸುರಿಸಿದ ಕಣ್ಣೀರಿಗೆ ದೊಡ್ಡಬಳ್ಳಾಪುರದ ಕೆರೆಗಳು ಕೋಡಿ ಬೀಳಬೇಕಿತ್ತು. ಬೇರೆಯವರ ಕೈ ಬಿದ್ದಿದೆ ಎಂದು ಅಪ್ಪನ ಮುಂದೆ ಒಪ್ಪಿಕೊಂಡೂ ಬಿಟ್ಟಳು. ಭಾನುವಾರ ಗುಜರಿಯವರನ್ನು ಕರೆಸುವುದೆಂದಾಯಿತು.

ಶನಿವಾರದ ಹೊತ್ತಿಗೆ ದುಃಖ ಹೋಗಿ ರೋಷ ಉಳಿದಿತ್ತು. ಅವನ ಸುಳ್ಳನ್ನು ಅವನೆದುರೇ ತೋರಿಸಿಬಿಡಬೇಕು!

ಶೆಡ್ಡಿಗೆ ನುಗ್ಗಿದಳು. ಉಳಿದಿದ್ದ ಅದೇ ತಗಡಿನಲ್ಲಿ ಎರಡು ತುಂಡು ಕತ್ತರಿಸಿ ಜೋಡಿಸಿದಳು. ಮೇಲಿಂದ ಮಾತ್ರ ಮಾಡುತ್ತೇನೆ, ಕೆಳಗೆ ಏನಿರುತ್ತದೋ ನೀವೇ ನೋಡಿ ಎಂದು ಸವಾಲು ಹಾಕಿದಳು. ಅಂಬರೀಶ್ ತಾನೂ ಒಂದು ಕವಚ ಹಾಕಿಕೊಂಡು ಎದುರಿಗೆ ಬಂದು ಕೈಕಟ್ಟಿ ನಿಂತ.

ಬೆಸುಗೆ ಮುಗಿಯಿತು. ಕವಚ ತೆಗೆದು, ತಗಡನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದಳು.

ಆ ಬದಿಯಲ್ಲೂ ಅದೇ ಗೆರೆ! ಉಬ್ಬಿಕೊಂಡು, ಬಿಸಿಗೆ ಇನ್ನೂ ಕೆಂಪಾಗಿ... ಯಾರೂ ಮುಟ್ಟದ, ಅವಳದೇ ಬೆಸುಗೆ.

'ನಾನೇ... ಅಷ್ಟೂ ನಾನೇ ಮಾಡಿದ್ದಾ!'

ಕುಣಿಯಬೇಕೋ ಭೂಮಿಯೊಳಗೆ ಇಳಿಯಬೇಕೋ ತಿಳಿಯದೆ ಅವನತ್ತ ತಿರುಗಿದಳು.

"ನೀವು ಮೊದ್ಲಿಂದ ಸುಳ್ಳು ಹೊಗಳಿದ್ರಿ ಅಂಬರೀಶ್. ಅದಕ್ಕೇ ನಿಜ ಹೇಳಿದಾಗ ನಂಬಕ್ಕಾಗ್ಲಿಲ್ಲ."

"ಚೆನ್ನಾಗಿಲ್ಲ ಅಂದ್ರೆ ನಿಲ್ಲಿಸ್ಬಿಡ್ತೀರೇನೋ ಅಂತ ಭಯ."

"ಕಲಿಯೋದ್ನಾ?"

"ಬರೋದ್ನ."

ಶೆಡ್ಡಿನ ಫ್ಯಾನು ಕೂಡ ಒಂದು ಗಳಿಗೆ ಉಸಿರು ಬಿಗಿಹಿಡಿಯಿತು. ಗುಜರಿಯವರಿಗೆ ಫೋನ್ ಮಾಡಿ ಬೇಡವೆನ್ನಬೇಕಿತ್ತು, ಅಪ್ಪನ ಮುಂದೆ ವ್ಯಾನು ಮೆರೆಸಬೇಕಿತ್ತು. ಅವಳು ಅಲ್ಲಿಂದ ಕದಲಲೇ ಇಲ್ಲ. ತಗಡನ್ನು ಅವನ ಮುಂದೆ ಹಿಡಿದಳು.

"ಇದು ಹೇಗಿದೆ? ನಿಜ ಹೇಳ್ಬೇಕು."

ಅವನು ಬಗ್ಗಿ ನೋಡಿದ.

"ಸುಮಾರಾಗಿದೆ ಅರ್ಪಿತ. ಕೊನೇಲಿ ಕೈ ನಡುಗಿದೆ."

ಅಷ್ಟೂ ಹೊಗಳಿಕೆ ಒಟ್ಟು ಸೇರಿಸಿದರೂ ಇಷ್ಟು ಸಿಹಿಯಾಗಿರಲಿಲ್ಲ.

"ಯಾಕೆ ನಡುಗ್ತು ಅಂತ ಕೇಳಲ್ವಾ?"

"ಯಾಕೆ?"

"ಎದುರಿಗೆ ನೀವು ನಿಂತಿದ್ರಲ್ಲ..."